ಲಾರಿಯ ಕೆಳಗಿನ ಕಾಕಾ

ನಮ್ಮ ಕಾಕಾನ ಮುಖ ನೋಡಬೇಕೆಂದರೆ ಮೊದಲು ನೀವು ನೆಲದ ಮೇಲೆ ಮಲಗಬೇಕು. ನಿಂತವರಿಗೆ ಅವರ ಪಾದಗಳ ದರ್ಶನವಷ್ಟೇ! ಉಳಿದ ಕಾಕಾ ಲಾರಿಯ ಕೆಳಗಿರುತ್ತಾರೆ. ಹೈದರಾಬಾದಿನ ಮಿಯಾಪುರದಲ್ಲಿ ಅವರ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಲಾರಿ ನಿಂತಿದೆಯೆಂದರೆ ಅದರಡಿಯಿಂದ ಎರಡು ಪಾದಗಳು ಹೊರಗೆ ಚಾಚಿವೆಯೆಂದೇ ತಿಳಿಯಬೇಕು. ಕಂಡ ಹಿರಿಯರ ಕಾಲಿಗೆಲ್ಲ ಬೀಳುವ ನಮ್ಮ ಬಳಗಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಹೊಸದಾಗಿ ಮದುವೆಯಾದ ನಾನೂ ನನ್ನ ಹೆಂಡತಿಯೂ ಹೋದವರೇ ಆ ಪಾದಗಳಿಗೆ ನಮಸ್ಕರಿಸಿದೆವು. ಲಾರಿಯ ಹೊಟ್ಟೆಯೊಳಗಿಂದ ದನಿ ಬಂತು:

“ನೂರು ವರ್ಷ ಸುಖವಾಗಿ ಬಾಳ್ರಿ. ಹಂಗಽ ಆ ಹದಿನಾಲ್ಕು ನಂಬರ್ ಪಾನಾ ಇತ್ತ ಕೊಡ್ರಿ.”

ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರ್ ಎಂದು ನನ್ನ ಹೆಂಡತಿಗೆ ತಿಳಿದದ್ದು ಆಗಲೇ. ಆಶೀರ್ವಾದ ಮಾಡಿದವರ ಮುಖ ಹೇಗಿದೆಯೆಂದು ತಿಳಿದದ್ದು ಮಾತ್ರ ಊಟದ ಹೊತ್ತಿಗೆ.

ಬಿಜಾಪುರದ ಕಡೆಯಿಂದ ಹೈದರಾಬಾದಿಗೆ ಬಂದ ಕಾಕಾ, ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲದಲ್ಲಿ ಅಲ್ಲಿಗೆ ಜಲ್ಲಿ, ಮರಳು ಸಾಗಿಸುತ್ತಿದ್ದರು. ಐಟಿ ಕಂಪನಿಗಳೆಲ್ಲ ನಿಂತಿರುವುದು ತಮ್ಮ ಲಾರಿಯ ಮೇಲೆ ಎಂಬುದು ಅವರ ದೃಢ ನಂಬಿಕೆ. ಅಂಥ ಲಾರಿಯನ್ನು ಸರ್ವೀಸಿಗೆಂದು ಷೋರೂಮಿನವರ ಕೈಗೆ ಕೊಡುವುದೇ? ಹಬ್ಬದ ದಿನ ಎಣ್ಣೆ ಹಚ್ಚಿ ಎರೆಯಲು ಹೆತ್ತ ತಾಯಿಯನ್ನು ಮಂದಿಯ ಮನೆಗೆ ಕಳಿಸುತ್ತೀರೇನು ಎಂದು ಅವರು ಕೇಳಿದರೆ ನಾವೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು.

ಹಾಗೆಂದು ಅವರನ್ನು ಮಹಾ ಮೆಕ್ಯಾನಿಕ್ ಎಂದುಕೊಂಡುಬಿಟ್ಟೀರಿ! ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ನಿಜ. ಕೂಡಿಸುವಾಗ ಮಾತ್ರ ಪ್ರತಿ ಸಲವೂ ಒಂದೆರಡು ನಟ್ಟು ಬೋಲ್ಟು ಉಳಿದುಬಿಡುತ್ತಿದ್ದವು. ಕಂಪನಿಯವರು ಅಂಜಿಕೊಂಡು ಯಾವಾಗಲೂ ನಾಲ್ಕು ಹೆಚ್ಚಿಗೇ ಹಾಕಿರುತ್ತಾರೆ ಎಂದು ಕಾಕಾ ಅವನ್ನೆಲ್ಲ ತಮ್ಮ ಹೆಂಡತಿ, ಅಂದರೆ ನಮ್ಮ ಕಾಕುವಿನ ಹಳೆಯ ಉಪ್ಪಿನಕಾಯಿ ಭರಣಿಗೆ ಸುರಿಯುತ್ತಿದ್ದರು. ಭರಣಿ ತುಂಬುತ್ತ ಹೋಯಿತು, ಲಾರಿ ಹಗುರಾಗುತ್ತ ಹೋಯಿತು. ಮೈಲೇಜು ಹೆಚ್ಚಾಗಿದೆಯೆಂದು ಕಾಕಾ ಮೀಸೆ ತಿರುವಿದರು.

ಲಾರಿ ಹೊಸದಿದ್ದಾಗ ಒಂದೇ ಒಂದು ಸಲ, ಕಾಕುವಿನ ಕಾಟ ತಾಳದೆ, ಷೋರೂಮಿಗೆ ಒಯ್ದದ್ದುಂಟು. ಟೈ ಕಟ್ಟಿದವನೊಬ್ಬ ಕಾಫಿ ಕೊಟ್ಟು, ಸೋಫಾದ ಮೇಲೆ ಕೂರಿಸಿ ಹೋದನಂತೆ. ಗಾಜಿನ ಗೋಡೆಯ ಆಚೆ ಲಾರಿ, ಈಚೆ ಕಾಕಾ! ಆಪರೇಷನ್ ಥಿಯೇಟರಿನ ಹೊರಗೆ ಕುಳಿತವರ ಹಾಗೆ ಚಡಪಡಿಸಿ, ಗಾಜು ಕುಟ್ಟಿ ಬೈಸಿಕೊಂಡು, ಕೊನೆಗೆ ಲಾರಿಯನ್ನು ಮನೆಗೆ ತಂದವರೇ ಅವರು ಸರಿಯಾಗಿ ಬಿಗಿದಿದ್ದಾರೋ ಇಲ್ಲವೋ ಎಂದು ಪೂರ್ತಿ ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ಮರಳಿ ಕೂಡಿಸಿದಾಗ ಭರಣಿಗೆ ಒಂದು ಹಿಡಿ ನಟ್ಟು ಬಂತು. ತಾವಿರುವ ತನಕ ಈ ಲಾರಿಗೆ ಇನ್ನೊಬ್ಬರ ಕೈ ಸೋಕಕೂಡದೆಂದು ಆಣೆ ಹಾಕಿದ್ದು ಅಂದೇ.

ಇನ್ನೊಬ್ಬರ ಕೈ ಎಂದರೆ ಕಾಕುವಿನ ಕೈ ಅಲ್ಲ. ಟಾರ್ಚು ಹಿಡಿಯುವುದು ಅವಳ ಕೆಲಸ. ಚಕ್ರದ ಪಕ್ಕ ಮಣೆ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಕಣ್ಣು ಸೊಪ್ಪಿನ ಕಡೆ ಹೋದಾಗ ಬೆಳಕೂ ಅದರ ಹಿಂದೆಯೇ ಹೋಗುತ್ತಿತ್ತು.

“ಬೆಳಕು ಈ ಕಡೆ ಹಿಡಿ,” ಎಂದು ಲಾರಿಯಡಿಯಿಂದ ಕಾಕಾ.

“ಯಾವ ಕಡೆರಿ?”

“ನಾ ಇರೋ ಕಡೆ.”

“ನೀವು ಎಲ್ಲಿದ್ದೀರಿ ಅಂತ ಕಾಣಬೇಕಲ್ರಿ. ಭಾಳ ಕತ್ತಲಿ ಐತಿ.”

ಮಗಳ ಸಂಬಂಧ ಕುದುರಿದ್ದು, ಬೀಗರ ಮೇಲಿನ ದೂರು, ನಾಳೆಯ ಪಲ್ಯ, ಎಲ್ಲ ಮಾತೂ ನಡೆಯುತ್ತಿದ್ದದ್ದು ಆ ಲಾರಿಯ ಅಡಿಯಲ್ಲೇ. ಮನೆಯೊಳಗೆ ಬಂದರೆ ಇಬ್ಬರೂ ಮೂಕರು! ಟಿವಿಯೇ ಇಬ್ಬರ ಪರವಾಗಿಯೂ ಮಾತಾಡುತ್ತಿತ್ತು.

ಬರಬರುತ್ತ ಕಾಕುವಿನ ಕೈ ನಡುಗತೊಡಗಿತು. ಲಾರಿಯಡಿಯ ಬೆಳಕು ಒಮ್ಮೆ ಟೈರಿನ ಮೇಲೆ, ಒಮ್ಮೆ ಕಾಕಾನ ಮೂಗಿನ ಮೇಲೆ ಓಲಾಡುತ್ತಿತ್ತು. ಈಗ ಬೈಯುತ್ತಾರೆ, ಆಗ ಬೈಯುತ್ತಾರೆ ಎಂದು ನಾನು ಕಾದದ್ದೇ ಬಂತು. ಕಾಕಾ ಪಾನಾ ಹಿಡಿದು, ಬೆಳಕು ಮತ್ತೆ ತಮ್ಮ ಕಡೆ ಬರುವ ತನಕ ಸುಮ್ಮನೆ ಮಲಗಿರುತ್ತಿದ್ದರು.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವರು ಈ ಸಲದ ಸರ್ವೀಸು ಷೋರೂಮಿನಲ್ಲಿ ಎಂದರು. ನಮ್ಮ ಕಿವಿಯನ್ನು ನಾವೇ ನಂಬಲಿಲ್ಲ. ಈಗಿನ ಇಂಜಿನ್ನೆಲ್ಲ ಕಂಪ್ಯೂಟರಿನದು, ನಮ್ಮಂಥವರಿಗೆ ತಿಳಿಯುವುದಿಲ್ಲ ಎಂದು ಕಾರಣವನ್ನೂ ಕೊಟ್ಟರು. ಆ ಮುದಿ ಲಾರಿಯಲ್ಲಿ ಕಂಪ್ಯೂಟರ್ ಹಾಗಿರಲಿ, ಹಾರ್ನ್ ಕೂಡ ಮನಸ್ಸು ಬಂದರೆ ಕೂಗುತ್ತಿತ್ತು! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕಾಕು ಮಾತ್ರ ನಗಲಿಲ್ಲ. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದ ನನಗೆ ಮೆಲ್ಲಗೆ ಹೇಳಿದಳು:

“ಇನ್ನ ನಾ ಉಪಯೋಗಕ್ಕ ಬರಂಗಿಲ್ಲ ಅಂತ ತಿಳಕೊಂಡಾರಪ್ಪ.”

 

ಷೋರೂಮಿಗೆ ಹೊರಡುವಾಗ ಕಾಕಾ ಅವಳನ್ನೂ ಹಟ ಮಾಡಿ ಜೊತೆಗೆ ಕರೆದುಕೊಂಡರು. ನಾನೂ ಹೋದೆ. ಅದೇ ಗಾಜಿನ ಗೋಡೆ, ಅಂಥದೇ ಸೋಫಾ. ಆಚೆ ನಮ್ಮ ಲಾರಿಯಡಿ ಮೆಕ್ಯಾನಿಕ್ ಒಬ್ಬ ಕೊಕ್ಕೆಯಿದ್ದ ದೀಪವೊಂದನ್ನು ಸಿಕ್ಕಿಸಿ ಎರಡೂ ಕೈಯಿಂದ ಕೆಲಸಕ್ಕೆ ತೊಡಗಿದ್ದ. ಆ ಬೆಳಕು ಎಳ್ಳಷ್ಟೂ ಅಲುಗುತ್ತಿರಲಿಲ್ಲ. ಕಾಕು ಅದನ್ನೇ ಬಹಳ ಹೊತ್ತು ನೋಡಿದಳು.

“ಅಂಥಾ ದೀಪ ಇದ್ದ ಮ್ಯಾಲ ನಾ ಯಾಕ ಬೇಕ್ರಿ?”

ಕಾಕಾ ಕಾಫಿಯ ಕಪ್ಪಿನೊಳಗೆ ನೋಡುತ್ತ ಹೇಳಿದರು: “ಅಂಥಾದ್ದು ಮನ್ಯಾಗೂ ಐತಿ. ಲಾರಿ ಕೊಂಡಾಗಽ ಕೊಟ್ಟಿದ್ರು. ನಾನಽ ಹೊರಗ ತಗೀಲಿಲ್ಲ.”

“ಯಾಕ?”

“ಅದು ಮಾತಾಡಂಗಿಲ್ಲ. ಇಲ್ಲಿಯಾದ್ರ ನಿನ್ನ ಜೋಡಿ ಕುಂತು ಮಾತಾಡಾಕ ಸೋಫಾ ಐತಿ.”

ನೆಲದ ಮೇಲೆ ಮಲಗದೆ ನಾನು ಕಾಕಾನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಿವಿಯ ತನಕ ಕೆಂಪಾಗಿತ್ತು. ಕಾಕು ಸೆರಗಿನೊಳಗಿಂದ ಕೈ ತೆಗೆದು ಸೋಫಾದ ಮೇಲಿಟ್ಟಳು. ನಡುಗುತ್ತಿದ್ದ ಆ ಕೈಯ ಮೇಲೆ ಕಾಕಾ ಗ್ರೀಸಿನ ಕಲೆ ಮಾಸದ ತಮ್ಮ ಕೈ ಇಟ್ಟರು.

ಕಾಕು, ಗಾಜಿನ ಆಚೆಗೇ ನೋಡುತ್ತ, ಮೆಲ್ಲಗೆ ಹೇಳಿದಳು:

“ಆ ದೀಪ ನಿಮ್ಮ ಕೈಗೆ ಸಿಗಬಾರದು ಅಂತ ಅಟ್ಟದ ಮ್ಯಾಲ ಮುಚ್ಚಿಟ್ಟಾಕಿ ನಾನಽ.”