ಹೋದ ವರ್ಷದ ಟ್ಯಾಬ್ಲೆಟ್

ಪೂರಾ ಬೆಲೆ ಕೊಟ್ಟು ವಸ್ತು ಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ದುಡ್ಡು ಕೊಟ್ಟರು, ಡಬ್ಬಿ ಹಿಡಿದರು, ಮನೆಗೆ ಹೋದರು. ರಿಯಾಯಿತಿ ಎಂದು ಕೇಳಿದ ಕೂಡಲೇ ನನ್ನ ನೆಮ್ಮದಿ ಹಾಳಾಗುತ್ತದೆ. ಈ ಅಂಗಡಿಯ ಪುಣ್ಯಾತ್ಮ ಸುಮ್ಮಸುಮ್ಮನೆ ಯಾಕೆ ಬಿಟ್ಟುಕೊಡುತ್ತಿದ್ದಾನೆ? ನಮ್ಮ ಮಾವನವರು ಮೊದಲ ಭೇಟಿಯಲ್ಲೇ ಮಗಳನ್ನು ಕೊಡಲು ಒಪ್ಪಿದಾಗಲೂ ನನಗೆ ಇದೇ ಸಂಶಯ ಬಂದಿತ್ತು. ಆ ಸಂಶಯ ಬರಬೇಕಾದದ್ದು ನನಗಲ್ಲ, ಅವರಿಗೆ ಎಂದು ಹೆಂಡತಿ ಶಾರದಾ ಈಗಲೂ ಹೇಳುತ್ತಾಳೆ.

ನಾವಿರುವುದು ತೆಲುಗು ಸೀಮೆಯ ಉಪ್ಪಲ್‌ನಲ್ಲಿ. ಮನೆಯಲ್ಲಿ ಕನ್ನಡದಲ್ಲಿ ಕರೆದರೆ ತೆಲುಗಿನಲ್ಲಿ ಓಗೊಡುವ ನಮ್ಮ ಕಡೆಯ ಮಕ್ಕಳಿಗೆ ಶಾರದಾ ದಿನಾ ಸಂಜೆ ಫೋನಿನಲ್ಲೇ ಕನ್ನಡ ಕಲಿಸುತ್ತಾಳೆ. ಮಕ್ಕಳು ಬರೆದು ತೋರಿಸಿದ್ದು 'ಪ'ವೋ 'ಫ'ವೋ ಎಂದು ಆ ಪುಟ್ಟ ಪರದೆಯಲ್ಲಿ ದಿಟ್ಟಿಸಿ ಅವಳಿಗೆ ತಲೆನೋವು. ಅದಕ್ಕೇ ಟ್ಯಾಬ್ಲೆಟ್ ಬೇಕೆಂದಳು. ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಹೊಸ ಮಾದರಿಯ ಪಕ್ಕದಲ್ಲೇ ಹೋದ ವರ್ಷದ್ದೊಂದು ರಿಯಾಯಿತಿಯ ಚೀಟಿ ಅಂಟಿಸಿಕೊಂಡು ಕೂತಿತ್ತು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಬಾಲಾನಗರದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಶ್ರೀನಿವಾಸನನ್ನು ಕೇಳಿದೆ. "ಪಾತದಿ ಎಂದುಕು ಸರ್?" ಎಂದ. ಹಳೆಯದು ಯಾಕೆ ಅಂತೆ! ಸರಿ, ಹೊಸದನ್ನೇ ಕೊಳ್ಳುತ್ತೇನೆಂದರೆ, ಅದರಲ್ಲೇನಿದೆ, ಬಣ್ಣ ಒಂದು ಬಿಟ್ಟು ಎಲ್ಲ ಹಳೆಯದೇ ಎಂದ. ಇಂಥವರ ಸಲಹೆಗೆ ನಾನು ಚಹಾ ಬೇರೆ ಕುಡಿಸಿದೆ. ಆಮೇಲೆ ವಿಡಿಯೋ ನೋಡಿದೆ. ಒಬ್ಬ ಬ್ಯಾಟರಿ ಹೊಗಳಿದ, ಇನ್ನೊಬ್ಬ ಅದನ್ನೇ ತೆಗಳಿದ. ಅಂಗಡಿಗೆ ಹೋದಾಗಲೆಲ್ಲ ಮಾಲೀಕನದು ಒಂದೇ ಮಾತು: "ಜ್ಯಾದಾ ನಕ್ಕೋ ಸೋಚೋ ಸಾಬ್, ಲಾಸ್ಟ್ ಪೀಸ್ ಹೈ." ಬಹಳ ಯೋಚಿಸಬೇಡಿ, ಇದೇ ಕೊನೆಯದು ಎಂಬುದು ಎಲ್ಲ ವ್ಯಾಪಾರಿಗಳೂ ಹೇಳುವ ಸುಳ್ಳು ಎಂದುಕೊಂಡು ನಾನು ತಿರುಗಿ ಬರುತ್ತಿದ್ದೆ.

"ನೀವು ಟ್ಯಾಬ್ಲೆಟ್ ತರೂದ್ರಾಗ ನಾ ತಲಿನೋವಿನ ಗುಳಿಗಿ ನುಂಗಿ ನುಂಗಿ ಸಾಕಾಗೇನ್ರಿ. ನಡೀರಿ, ನಾನೂ ಬರತೀನಿ" ಎಂದು ಕಳೆದ ಭಾನುವಾರ ಶಾರದಾ ಹೊರಟೇಬಿಟ್ಟಳು.

ಅಂಗಡಿಯಲ್ಲಿ ವಯಸ್ಸಾದ ದಂಪತಿ ಅದೇ ಟ್ಯಾಬ್ಲೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. "ಹಳೇದು ತೊಗೊಂಡ್ರ ನಡೀತೈತೇನ?" ಎಂದು ಗಂಡ ಹೆಂಡತಿಯನ್ನು ಕೇಳಿದ್ದು ಕಿವಿಗೆ ಬಿತ್ತು. ಸುಲ್ತಾನ್ ಬಜಾರಿನ ಆ ಗದ್ದಲದಲ್ಲಿ ನಮ್ಮ ಕಡೆಯ ಕನ್ನಡ! ನನಗೆ ತಡೆಯಲಾಗಲಿಲ್ಲ.

"ಭೇಷಕ್ ನಡೀತೈತ್ರಿ! ಭಜನಿ ಕೇಳಾಕ, ಮೊಮ್ಮಕ್ಕಳ ಮಾರಿ ನೋಡಾಕ ಹೊಸದ್ಯಾಕ ಬೇಕ್ರಿ? ಪರದೆ ದೊಡ್ಡದೈತಿ, ಬ್ಯಾಟರಿ ಗಟ್ಟಿ ಐತಿ. ಏನೂ ವಿಚಾರ ಮಾಡಬ್ಯಾಡ್ರಿ, ತೊಗೊಂಡಬಿಡ್ರಿ" ಎಂದೆ.

ಅವರು ಪಾಟೀಲರಂತೆ. ನನ್ನ ಕೈ ಕುಲುಕಿದರು, ಫೋನ್ ನಂಬರು ಬರೆದುಕೊಂಡರು, ಟ್ಯಾಬ್ಲೆಟ್ ತೆಗೆದುಕೊಂಡು ಹೋದರು. ನಾನು ಎದೆಯುಬ್ಬಿಸಿ, ನಮಗೂ ಅಂಥದ್ದೇ ಒಂದು ಕೊಡಿ ಎಂದೆ.

ಮಾಲೀಕ ನನ್ನನ್ನು ಕರುಣೆಯಿಂದ ನೋಡಿದ. "ಬೋಲಾ ಥಾ ನಾ ಸಾಬ್, ಲಾಸ್ಟ್ ಪೀಸ್."

ಶಾರದಾ ಹೊಸ ಮಾದರಿಯತ್ತ ಬೆರಳು ತೋರಿಸಿದಳು, ಪೂರಾ ಬೆಲೆ ಕೊಟ್ಟಳು, ಡಬ್ಬಿ ಬಗಲಲ್ಲಿಟ್ಟುಕೊಂಡಳು. ಮೆಟ್ರೋದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು: "ಯಾರೋ ಏನೋ, ಅವರಿಗೆ ಅಷ್ಟು ಲಗೂನ ಹೇಳಿದ್ರಿ. ನನಗ್ಯಾಕ ಹೇಳಲಿಲ್ಲ?"

ಅವರದು ಕೆಟ್ಟರೆ ಬೈಸಿಕೊಳ್ಳುವವನು ನಾನಲ್ಲವಲ್ಲ ಎಂಬ ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಿನ್ನೆ ಪಾಟೀಲರ ಫೋನ್. "ನೀವು ಹೇಳಿದ್ದು ಭಾಳ ಚಲೋ ಆತ್ರಿ. ಈಗ ಫ್ರಿಜ್ ತೊಗೋಬೇಕಂತ ಮಾಡೇವಿ. ಹಳೇ ಮಾಡೆಲ್ ಮ್ಯಾಲ ಡಿಸ್ಕೌಂಟ್ ಐತಿ. ಏನ್ ಮಾಡೂಣ್ರಿ?" ನಮ್ಮ ಫ್ರಿಜ್ಜಿನ ಬಾಗಿಲು ಮುಚ್ಚಿ ನಿಲ್ಲದೆ ಎಷ್ಟೋ ದಿನವಾಗಿದೆ, ಹಗ್ಗ ಕಟ್ಟಿ ನಿಲ್ಲಿಸಿದ್ದೇವೆ; ಹೊಸದು ಯಾವುದೆಂದು ನಾನಿನ್ನೂ ಯೋಚಿಸುತ್ತಿದ್ದೇನೆ. ಆದರೂ ಗಂಭೀರವಾಗಿ, "ಇವತ್ತ ತೊಗೊಂಡಬಿಡ್ರಿ" ಎಂದೆ.

ಅಡುಗೆಮನೆಯಿಂದ ಶಾರದಾ ಕೂಗಿದಳು: "ಯಾವ ಅಂಗಡಿ ಅಂತ ಕೇಳ್ರಿ! ಈ ಸಲ ಅವರಕಿಂತ ಮೊದಲ ನಾನ ಹೋಗತೀನಿ."