ಸಂಬಂಧ ಗಿಂಬಂಧ ಏನಿಲ್ರಿ

ಇಂಟರ್‌ನೆಟ್ ಅಂಗಡಿ ಇಟ್ಟವನ ಕೊರಳಿಗೆ ಯಾರ್ಯಾರದೋ ಸಂಸಾರ ಬಂದು ಬೀಳುತ್ತದೆ. ಎರಡು ಸಾವಿರದ ಆರರ ಸುಮಾರಿಗೆ ಬೈಲಹೊಂಗಲದ ನನ್ನ ಅಂಗಡಿಗೆ ಸಂಪಗಾಂವದ ಟೀಚರೊಬ್ಬರು ಬರುತ್ತಿದ್ದರು. ನ್ಯೂಜಿಲೆಂಡಿನ ಹೋಟೆಲಿನಲ್ಲಿ ಅಡುಗೆ ಮಾಡುವ ಸವದತ್ತಿಯ ಹುಡುಗನೊಬ್ಬ ಅವರಿಗೆ ಚಾಟಿಂಗಿನಲ್ಲಿ ಗಂಟುಬಿದ್ದಿದ್ದ. ಎರಡೂ ಮನೆಯವರು ಒಪ್ಪಿದ್ದರು. ಒಪ್ಪದಿದ್ದವರು ವೀಸಾದವರು. ಸಂಬಂಧ ನಿಜವೆನ್ನಲು ಪುರಾವೆ ಸಾಲದೆಂದು ಟೀಚರ ಅರ್ಜಿಯನ್ನು ಒಮ್ಮೆ ತಿರಸ್ಕರಿಸಿದ್ದರು. ಈ ಸಲವೂ ಆಗದಿದ್ದರೆ ತಾನು ನೋಡಿಟ್ಟ ರಾಮದುರ್ಗದ ವರನೇ ಗಟ್ಟಿ ಎಂದು ಟೀಚರ ಅಣ್ಣ ಹೇಳಿಬಿಟ್ಟಿದ್ದ.

ನಾಲ್ಕನೇ ಪುಟ

ಎರಡು ವರ್ಷದ ಚಾಟಿಂಗ್ ಪ್ರಿಂಟ್ ತೆಗೆದೆ. ಪುಟಗಟ್ಟಲೆ ಒಂದೇ ಮಾತು: ಊಟ ಆತೇನು, ಆತು, ನಿಮ್ದು, ಆತು. ಇದರಲ್ಲಿ ಪ್ರೀತಿ ಎಲ್ಲಿದೆ ಎಂದು ಕೇಳಿದೆ. ನಾಲ್ಕನೇ ಪುಟ ನೋಡಿ ಎಂದರು. ಅಲ್ಲಿ ಹುಡುಗ ಬರೆದಿದ್ದ, ‘ಬಿಸಲಾಗ ಅಡ್ಡಾಡಬ್ಯಾಡ್ರಿ.’

“ಇದ ಏನ್ರಿ?” ಎಂದೆ.

“ಅವ್ರು ಮತ್ಯಾರಿಗೂ ಹಂಗ ಅನ್ನಾಂಗಿಲ್ರಿ,” ಎಂದು ಟೀಚರು ತಲೆ ತಗ್ಗಿಸಿದರು.

ಕೆಂಪು ಸುತ್ತು

ಹುಡುಗ ರಜೆಗೆ ಬಂದಾಗ ಎರಡೂ ಮನೆಯವರು ಕೂಡಿ ಕಿತ್ತೂರ ಕೋಟೆಗೆ ಹೋಗಿದ್ದರು. ಫೋಟೋದಲ್ಲಿ ಅವನು ಈ ತುದಿ, ಟೀಚರು ಆ ತುದಿ, ನಡುವೆ ಒಂಬತ್ತು ಜನ ನೆಂಟರು. ವೀಸಾದವರಿಗೆ ತಿಳಿಯಲೆಂದು ಇಬ್ಬರಿಗೂ ಕೆಂಪು ಸುತ್ತು ಹಾಕಿದೆ. ಟೀಚರ ಜೊತೆಗೆ ಅಂಗಡಿಗೆ ಬಂದಿದ್ದ ಸೋದರತ್ತೆ, ಕೋಟೆಯಲ್ಲಿ ತಾನಿಲ್ಲದೆ ಇವರಿಬ್ಬರೂ ಒಂದು ಮಾತೂ ಆಡಿಲ್ಲ, ತನ್ನನ್ನು ಬಿಟ್ಟಿದ್ದೇಕೆ ಎಂದು ಮುನಿಸಿಕೊಂಡರು. ಅವರಿಗೂ ಸುತ್ತು ಹಾಕಿದೆ. ಪುರಾವೆಯಲ್ಲಿ ಸಂಬಂಧ ಮೂವರದಾಯಿತು.

ತಾಯಿಯ ಸಾಕ್ಷಿ

ಕೊನೆಗೆ ವೀಸಾ ಕಚೇರಿಯವರು ಟೀಚರ ತಾಯಿಯನ್ನೇ ಫೋನಿನಲ್ಲಿ ವಿಚಾರಿಸುವುದೆಂದಾಯಿತು. ಅವರ ಮನೆಯಲ್ಲಿ ಫೋನಿರಲಿಲ್ಲ, ಹುಡುಗನ ಫೋನೂ ಬರುತ್ತಿದ್ದ ನನ್ನ ಅಂಗಡಿಯ ನಂಬರು ಕೊಟ್ಟಿದ್ದರು. ನಿಶ್ಚಯವಾಗುವ ತನಕ ಪರರ ಮುಂದೆ ಹೆಣ್ಣಿನ ವಿಷಯ ಬಾಯಿ ಬಿಡಬಾರದೆನ್ನುವ ಪೈಕಿ ಆ ತಾಯಿ. ಟೀಚರು ದಾರಿಯುದ್ದಕ್ಕೂ ತಿಳಿಹೇಳಿ ಕರೆತಂದಿದ್ದರು.

ಫೋನ್ ಬಂತು. ಸ್ಪೀಕರ್ ಹಾಕಿದೆ. ಮಗಳಿಗೂ ಈ ಹುಡುಗನಿಗೂ ಸಂಬಂಧ ಇದೆಯೇ ಎಂದು ಒಬ್ಬಾಕೆ ಕನ್ನಡದಲ್ಲಿ ಕೇಳಿದಳು.

“ಇಲ್ರಿ. ಅಂಥಾದ್ದೇನಿಲ್ಲ ನಮ್ಮ ಮನ್ಯಾಗ.”

ಟೀಚರು ತಾಯಿಯ ಸೆರಗು ಜಗ್ಗಿದರು. ಹಾಗಾದರೆ ಆ ಹುಡುಗನ ಪರಿಚಯವೇ ಇಲ್ಲವೇ ಎಂದಳು ಆಕೆ.

“ನಮಗೇನ್ ಗೊತ್ರಿ? ದಿನಾ ಮುಂಜಾನಿ ಇದ ಫೋನಿಗೆ ಮಾಡತಾನ. ವಾರ ಆತು, ಅವಂಗ ಕೆಮ್ಮು. ಕಷಾಯ ಕುಡಿ ಅಂದ್ರ ಕುಡ್ಯಾಂಗಿಲ್ಲ. ಅವಂಗ ಕೆಮ್ಮು ಅಂತ ನಮ್ಮಾಕಿ ಎರಡ ದಿನದಿಂದ ಸರಿಯಾಗಿ ಉಂಡಿಲ್ಲ. ಸಂಬಂಧ ಗಿಂಬಂಧ ಏನಿಲ್ರಿ.”

ಆ ಕಡೆ ಬರೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಮೂರು ವಾರಕ್ಕೆ ವೀಸಾ ಬಂತು. ಪೇಡೆ ಹಂಚಲು ಬಂದ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

“ಎಷ್ಟ್ ಕೆದಕಿದ್ರೂ ನಾ ಏನೂ ಬಾಯಿ ಬಿಡಲಿಲ್ಲ ನೋಡ್ರಿ.”