ಮೂಟೆಯೊಳಗೆ ಬೆಂದ ಪಾಸ್ತಾ

ಗ್ಯಾಸ್ ಸಿಲಿಂಡರ್ ಹನ್ನೊಂದೇ ದಿನಕ್ಕೆ ಖಾಲಿಯಾದದ್ದೇ ಎಲ್ಲಕ್ಕೂ ಮೂಲ. ಅತ್ತಿಗುಂಡಿಯ ಹೋಂಸ್ಟೇ ಒಡತಿ ಗಿರಿಜಾಂಬಾ, ಅಡುಗೆಗೆ ಹೊಸದಾಗಿ ಸೇರಿದ್ದ ಪ್ರಸನ್ನಕುಮಾರನನ್ನು ಕರೆದು ಹೇಳಿದರು:

"ಇವತ್ತಿನ ಗೆಸ್ಟು ಪಾಸ್ತಾ ಕೇಳಿದಾರೆ. ಗ್ಯಾಸೂ ಉಳೀಬೇಕು, ಅವ್ರೂ ಭೇಷ್ ಅನ್ನಬೇಕು. ಹಾಗಾದ್ರೆ ನೀನು ಖಾಯಂ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೀನಿ."

ಪ್ರಸನ್ನನಿಗೆ ಮೂಗಿನ ತುದಿಯಲ್ಲೇ ಕೋಪ. ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರ ಮೇಲೆ ಸಿಟ್ಟಾಗಿ ಶಾಲೆ ಬಿಟ್ಟಿದ್ದ. ಮೇಷ್ಟ್ರಿಗೆ ಅದು ಗೊತ್ತಾದದ್ದು ಮೂರು ತಿಂಗಳ ಮೇಲೆ. ಈಗ ಅದೇ ವಿಜ್ಞಾನ ಮೊಬೈಲಿನಲ್ಲಿ ಸಿಕ್ಕಿತು: ಕುದಿಯುವ ನೀರಿಗೆ ಪಾಸ್ತಾ ಹಾಕು, ಎರಡು ನಿಮಿಷಕ್ಕೆ ಒಲೆ ಆರಿಸು, ಮುಚ್ಚಿಡು. ಬಿಸಿನೀರಲ್ಲೇ ಬೇಯುತ್ತದೆ.

"ಈ ಚಳಿಲಿ ಪಾತ್ರೆ ಐದು ನಿಮಿಷಕ್ಕೆ ತಣ್ಣಗಾಗುತ್ತೆ ಮಾರಾಯ," ಎಂದಳು ಹಿತ್ತಲಿನ ಕಾಫಿ ಕಣದಲ್ಲಿ ಮೂಟೆ ಹೊಲಿಯುವ ಜವರಮ್ಮ, ಕಿಟಕಿಯಲ್ಲಿ ಇಣುಕಿ. "ಗೋಣಿಚೀಲದೊಳಗೆ ಇಡು. ಸುತ್ತ ಹೊಟ್ಟು ತುಂಬು."

ಕೆಲಸ ಕಲಿಸಲು ಬಂದವರ ಮೇಲೆ ಉರಿದುಬೀಳುತ್ತಿದ್ದ ಪ್ರಸನ್ನ ಅವತ್ತು ಹಲ್ಲುಕಚ್ಚಿ ಒಪ್ಪಿದ. ಮುಚ್ಚಳವನ್ನು ಬಿಗಿಯಾಗಿ ಕಟ್ಟಿ, ಪಾತ್ರೆಯನ್ನು ಚೀಲಕ್ಕಿಳಿಸಿ, ಕಣದ ಬಿಸಿಲಿಗಿಟ್ಟು ಟೊಮೆಟೊ ಹೆಚ್ಚಲು ಒಳಗೆ ಹೋದ.

ತುಂಬಿದ ಚೀಲ ಕಂಡರೆ ಜವರಮ್ಮನ ಕೈ ಸುಮ್ಮನಿರುವುದಿಲ್ಲ. ದಬ್ಬಳ ತೆಗೆದು ಬಾಯಿ ಹೊಲಿದುಬಿಟ್ಟಳು. ಹೊಲಿದ ಮೂಟೆ ಕಂಡರೆ ಪಿಕಪ್ ಗಾಡಿಯ ರೇವಣ್ಣ ಹೇರದೆ ಬಿಡುವುದಿಲ್ಲ. ಪ್ರಸನ್ನ ಹೊರಬರುವಾಗ ಪಾಸ್ತಾ ಕಾಫಿ ಬೀಜದ ಜೊತೆ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೊರಟಿತ್ತು.

"ಏಯ್, ನಿಲ್ಸೋ! ನನ್ನ ಕೆಲ್ಸ ಹೋಗ್ತಿದೆ!"

ಬೈಕಿಗೆ ಪೆಟ್ರೋಲ್ ಇಲ್ಲ. ಪಕ್ಕದ ತೋಟದ ಅಡ್ಡದಾರಿ ಹಿಡಿದ. ಓಡಿದ್ದು ಅರ್ಧ, ಉರುಳಿದ್ದು ಅರ್ಧ. ಎರಡನೇ ತಿರುವಿನ ರಸ್ತೆಗೆ ಹಲಸಿನಕಾಯಿಯ ಹಾಗೆ ದೊಪ್ಪೆಂದು ಬಿದ್ದಾಗ ಪಿಕಪ್ ಅಲ್ಲೇ ನಿಂತಿತ್ತು. ರೇವಣ್ಣ ಮೂಟೆಗೆ ಕಿವಿಯಿಟ್ಟಿದ್ದ.

"ಇದೊಂದು ಬಿಸಿಯಾಗಿದೆ ಕಣೋ. ಒಳಗೆ ಗುಳುಗುಳು ಅಂತಿದೆ. ಕಾಫಿ ಸರಿಯಾಗಿ ಒಣಗ್ಸಿಲ್ವಾ ನೀವು?"

"ಅದು ಕಾಫಿ ಅಲ್ಲ, ಪಾಸ್ತಾ!"

"ಪಾಸ್ತಾನಾ? ಅರೇಬಿಕಾನೋ ರೋಬಸ್ಟಾನೋ?"

ಪ್ರಸನ್ನ ಬೈಯಲು ಬಾಯ್ತೆರೆದ, ಆದರೆ ಉಸಿರಿರಲಿಲ್ಲ. ಮೂಟೆ ಹೊತ್ತು ಏರು ಹತ್ತಿ ಬರುವಷ್ಟರಲ್ಲಿ ಪಾಸ್ತಾ ಬೆಂದು, ಮೆತ್ತಗಾಗಿ, ಗಂಜಿಗೆ ತಮ್ಮನಾಗಿತ್ತು. ಟೊಮೆಟೊ ಗೊಜ್ಜು ಸುರಿದು, ದೇವರ ಮೇಲೆ ಭಾರ ಹಾಕಿ ಬಡಿಸಿದ.

ಗೆಸ್ಟು ಚಂದ್ರಶೇಖರಪ್ಪ, ದಾವಣಗೆರೆಯ ನಿವೃತ್ತ ಹೆಡ್‌ಮೇಷ್ಟ್ರು, ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ಪ್ರಸನ್ನನೂ ಮುಚ್ಚಿದ.

"ಭೇಷ್! ಮೊಮ್ಮಗಳ ಜೊತೆ ಎಲ್ಲೆಲ್ಲೋ ತಿಂದೀನಿ, ರಬ್ಬರ್ ಇದ್ದಂಗಿರ್ತದೆ. ಹಲ್ಲಿಲ್ಲದೋನಿಗೂ ತಿನ್ನಾಕ ಬರೋ ಪಾಸ್ತಾ ಇದೇ ಮೊದ್ಲು. ಇನ್ನೊಂದಿಷ್ಟು ಹಾಕ್ರಿ."

ಗಿರಿಜಾಂಬಾ ಮುಖ ಅರಳಿತು. "ಗ್ಯಾಸ್ ಎಷ್ಟಾಯ್ತೋ?"

"ನೀರು ಕಾದ ಮೇಲೆ ಎರಡೇ ನಿಮಿಷ, ಅಮ್ಮಾವ್ರೇ!" ಪ್ರಸನ್ನ ಎದೆಯುಬ್ಬಿಸಿದ. "ಆಮೇಲೆ ನಾನು ಮುಟ್ಟೇ ಇಲ್ಲ. ಎಲ್ಲಾ ಮೂಟೆನೇ ಮಾಡಿದ್ದು."

"ಹೌದಾ! ಹಾಗಾದ್ರೆ ಇವತ್ತೇ ಖಾಯಂ."

ಅವನು ಕಾಲಿಗೆ ಬೀಳಲು ಬಗ್ಗಿದ. ಗಿರಿಜಾಂಬಾ ಅವನ ತಲೆಯ ಮೇಲಿಂದ ಕಣದ ಕಡೆ ಕೂಗಿದರು:

"ಜವರಮ್ಮಾ, ನಾಳೆಯಿಂದ ಅಡುಗೆಮನೆಗೆ ನೀನೇ ಖಾಯಂ! ಎರಡು ನಿಮಿಷ ಒಲೆ ಹಚ್ಚೋದು ಯಾರಿಗಾದ್ರೂ ಬರುತ್ತೆ. ಮೂಟೆ ಇಷ್ಟು ಗಟ್ಟಿ ಹೊಲಿಯೋದು ಯಾರಿಗೆ ಬರುತ್ತೆ?"

ಬಗ್ಗಿದವನು ನೆಲದ ಮೇಲಿದ್ದ ಒಂದು ತುಂಡು ಪಾಸ್ತಾ ಹೆಕ್ಕಿಕೊಂಡು ಎದ್ದ, ಅದಕ್ಕೇ ಬಗ್ಗಿದ್ದೆ ಅನ್ನುವ ಹಾಗೆ.